ಮಾಪಕ ಬರೆದ ಸೊನ್ನೆ

ಕಾಫಿಯ ಹೊತ್ತಿಗೆ ರೇಡಿಯೋದ ಗುಂಡಿ ತಿರುಗಿಸುವ ಅಭ್ಯಾಸವುಳ್ಳ ವಾಚಕರಿಗೆ ಒಂದು ವರದಿಯ ಧಾಟಿ ಬಾಯಿಪಾಠವಾಗಿರುತ್ತದೆ. ವಾರ್ತೆಗಳೆಲ್ಲ ಮುಗಿದು ಕಡೆಯಲ್ಲಿ ಹವಾಮಾನದ ಸರದಿ ಬರುತ್ತದೆ. ಕರಾವಳಿಯಲ್ಲಿ ಇಂತಿಷ್ಟು ಮಳೆ, ಮಲೆನಾಡಿನಲ್ಲಿ ಇಂತಿಷ್ಟು, ಒಳನಾಡಿನ ಉಳಿದೆಡೆ ಒಣಹವೆ. ಆ ‘ಉಳಿದೆಡೆ’ ಎಂಬ ಮಾತಿನೊಳಗೆ ಚಿತ್ರದುರ್ಗದವರಾದ ನಾವು ವರ್ಷದ ಬಹುಪಾಲು ದಿನ ವಾಸ ಮಾಡುತ್ತೇವೆ.

ಒಣಹವೆ ಎಂದರೆ ಮಳೆಮಾಪಕದಲ್ಲಿ ಸೊನ್ನೆ. ಈ ಲೇಖನ ಆ ಸೊನ್ನೆಯನ್ನು ಕುರಿತದ್ದು. ಮಳೆ ಅಳೆಯುವ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಅದನ್ನು ಕಟ್ಟುವವನು ಏನೇನು ನೋಡಿಕೊಳ್ಳಬೇಕು ಎಂಬುದನ್ನು ಹೇಳುತ್ತ, ಅದು ಬರೆದ ಸೊನ್ನೆಯನ್ನು ಯಾವಾಗ ನಂಬಬಹುದು ಎಂಬ ಪ್ರಶ್ನೆಯವರೆಗೆ ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೇನೆ. ವಿಜ್ಞಾನದ ಅಧ್ಯಾಪಕ ನಾನಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತ ತಲೆ ನರೆಸಿಕೊಂಡವನು. ಈ ವಿಷಯಕ್ಕೆ ಹೇಗೆ ಸಿಕ್ಕಿಬಿದ್ದೆನೆಂಬುದು ಮುಂದೆ ತಿಳಿಯುತ್ತದೆ.

ನಮ್ಮ ಕೋಟೆಯ ಬೆನ್ನಿಗೆ, ಬಂಡೆಗುಡ್ಡಗಳ ನಡುವೆ, ಚಂದ್ರವಳ್ಳಿ ಎಂಬ ಕಣಿವೆಯಿದೆ. ಕೆರೆ, ಅಂಕಲಿ ಮಠದ ಗುಹೆಗಳು, ಭೈರವೇಶ್ವರನ ಗುಡಿ ಇವನ್ನು ನೋಡಲು ಭಾನುವಾರಗಳಲ್ಲಿ ಜನ ಹೋಗುತ್ತಾರೆ. ಡಾ. ಎಂ. ಎಚ್. ಕೃಷ್ಣ ಅವರೂ, ಆಮೇಲೆ 1947ರಲ್ಲಿ ವೀಲರ್ ಅವರೂ ಇಲ್ಲಿ ಅಗೆದು ಶಾತವಾಹನರ ನಾಣ್ಯಗಳನ್ನೂ ರೋಮಿನ ನಾಣ್ಯಗಳನ್ನೂ ಕಂಡರು. ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೆಯ ಶತಮಾನದ್ದು, ಭಾಷೆ ಪ್ರಾಕೃತ. ಅವನು ಕೆರೆ ಮಾಡಿಸಿದ ಸಂಗತಿ ಅದರಲ್ಲಿದೆ, ಅನೇಕ ಅರಸುಮನೆತನಗಳ ಹೆಸರುಗಳೂ ಬರುತ್ತವೆ. ಆ ಕೆರೆ ತುಂಬಲು ಎಷ್ಟು ಮಳೆ ಬೇಕಾಯಿತು, ಎಷ್ಟು ವರ್ಷ ಅದು ತುಂಬದೆ ಉಳಿಯಿತು ಎಂಬುದು ಮಾತ್ರ ಕಲ್ಲಿನಲ್ಲಿಲ್ಲ. ಕೆರೆ ಕಟ್ಟುವ ನಾಡು ಇದು. ಏಕೆ ಕಟ್ಟಬೇಕಾಯಿತೆಂಬುದಕ್ಕೆ ಬೇರೆ ಶಾಸನ ಬೇಕಿಲ್ಲ. ಕರ್ನಾಟಕದ ಅತಿ ಕಡಿಮೆ ಮಳೆಯ ಸೀಮೆಯೆಂದರೆ ನಮ್ಮ ಚಳ್ಳಕೆರೆ, ಹಿರಿಯೂರುಗಳನ್ನೇ ಮೊದಲು ಹೆಸರಿಸುತ್ತಾರೆ.

ಮಳೆಯನ್ನು ಅಳೆಯುವ ಬುದ್ಧಿ ನಮ್ಮಲ್ಲಿ ಹೊಸದೇನೂ ಅಲ್ಲ. ಉಗ್ರಾಣದ ಬಳಿ ಒಂದು ಮೊಳ ಬಾಯಗಲದ ಕುಂಡವನ್ನಿಟ್ಟು ಮಳೆಯ ಪ್ರಮಾಣ ತಿಳಿಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಒಣನಾಡಿಗೆ ಹದಿನಾರು ದ್ರೋಣ ಮಳೆ, ನೀರುನಾಡಿಗೆ ಅದರ ಒಂದೂವರೆಯಷ್ಟು ಎಂಬ ಲೆಕ್ಕವೂ ಅಲ್ಲಿದೆ. ಕುಂಡವನ್ನು ಉಗ್ರಾಣದ ಹತ್ತಿರ ಇಡಿಸಿದ್ದನ್ನು ಗಮನಿಸಿ. ಮಳೆಯ ಅಳತೆ ಅಂದಿನಿಂದಲೂ ಧಾನ್ಯದ, ಅಂದರೆ ಹಣದ, ಮಾತು. ರೈತನಿಗೆ ಬೇರೆಯ ಅಳತೆಯಿತ್ತು. ಹೊಲಕ್ಕೆ ಹೋಗಿ ಬೆರಳಿನಿಂದ ಮಣ್ಣು ಕೆದಕಿ, ಗೇಣುದ್ದ ಹಸಿ ಇಳಿದಿದೆಯೋ, ನಾಲ್ಕು ಬೆರಳು ಮಾತ್ರವೋ ಎಂದು ನೋಡುತ್ತಿದ್ದ. ಬಿತ್ತನೆಗೆ ಆ ಅಳತೆ ಸಾಕು. ಊರಿಂದೂರಿಗೆ ಹೋಲಿಸಲು ಸಾಲದು, ಏಕೆಂದರೆ ಎರೆಮಣ್ಣಿನ ಗೇಣೂ ಕೆಂಪುಮಣ್ಣಿನ ಗೇಣೂ ಒಂದಲ್ಲ.

ಈಗಿನ ಅಳತೆ ಮಿಲಿಮೀಟರಿನದು. ಒಂದು ಮಿಲಿಮೀಟರು ಮಳೆ ಎಂದರೇನು? ಬಿದ್ದ ನೀರು ಹರಿಯದೆ, ಇಂಗದೆ, ಆರದೆ ನೆಲದ ಮೇಲೆ ಹಾಗೆಯೇ ನಿಂತರೆ ಅದರ ಆಳ ಒಂದು ಮಿಲಿಮೀಟರು. ಕೇಳಲು ಅಲ್ಪ. ಆದರೆ ಒಂದು ಎಕರೆಯ ಮೇಲೆ ಅದೇ ಒಂದು ಮಿಲಿಮೀಟರು ಸುಮಾರು ನಾಲ್ಕು ಸಾವಿರ ಲೀಟರು ನೀರು. ಹವಾಮಾನ ಇಲಾಖೆಯವರ ಲೆಕ್ಕದಲ್ಲಿ ದಿನಕ್ಕೆ 2.5 ಮಿಲಿಮೀಟರು ಬಿದ್ದರೆ ಮಾತ್ರ ಅದು ‘ಮಳೆಯ ದಿನ’. 2.4 ಬಿದ್ದ ದಿನ ನೀವು ಕೊಡೆ ಹಿಡಿದುಕೊಂಡು ಓಡಿದ್ದರೂ ಆ ದಿನ ಮಳೆಯ ದಿನವಲ್ಲ!

ಸಾಮಾನ್ಯ ಮಳೆಮಾಪಕ ಬಹಳ ಸರಳವಾದ ವಸ್ತು. ಒಂದು ಆಲಿಕೆ, ಕೆಳಗೊಂದು ಪಾತ್ರೆ, ಪಕ್ಕದಲ್ಲೊಂದು ಗೆರೆ ಹಾಕಿದ ಗಾಜಿನ ಅಳತೆ. ಸೈಮನ್ಸ್ ಮಾದರಿ ಎಂಬ ಹಳೆಯ ಮಾಪಕದ ಬಾಯಿ ಐದು ಅಂಗುಲ. ಅದರ ಅಂಚು ನೆಲದಿಂದ ಒಂದು ಅಡಿಯಷ್ಟು ಮಾತ್ರ ಮೇಲಿರುತ್ತದೆ. ಇನ್ನೂ ಎತ್ತರಿಸಿದರೆ ಗಾಳಿ ಹನಿಗಳನ್ನು ಪಕ್ಕಕ್ಕೆ ಒಯ್ಯುತ್ತದೆ, ಇನ್ನೂ ತಗ್ಗಿಸಿದರೆ ನೆಲಕ್ಕೆ ಬಡಿದ ಹನಿ ಒಳಕ್ಕೆ ಚಿಮ್ಮುತ್ತದೆ. ದಿನವೂ ಬೆಳಗ್ಗೆ 8 ಗಂಟೆ 30 ನಿಮಿಷಕ್ಕೆ ಒಬ್ಬರು ಬಂದು ನೀರನ್ನು ಅಳೆದು ಬರೆಯಬೇಕು. ಆ ಒಬ್ಬರು ಬರದಿದ್ದ ದಿನ? ಅಥವಾ ಮನೆಯಲ್ಲೇ ಕುಳಿತು ಅಂದಾಜಿನಿಂದ ಬರೆದ ದಿನ? ಈ ಪೇಚನ್ನು ತಪ್ಪಿಸಲೆಂದು ತಾನೇ ಅಳೆದು ತಾನೇ ಲೆಕ್ಕವಿಡುವ ಯಂತ್ರವನ್ನು ಹುಡುಕಿದರು. ಲಂಡನ್ನಿನ ಸೇಂಟ್ ಪಾಲ್ ಮಂದಿರವನ್ನು ಕಟ್ಟಿಸಿದ ಕ್ರಿಸ್ಟೋಫರ್ ರೆನ್ ಮತ್ತು ಅವನ ಗೆಳೆಯ ರಾಬರ್ಟ್ ಹುಕ್ ಹದಿನೇಳನೆಯ ಶತಮಾನದಲ್ಲಿಯೇ ಇದಕ್ಕೆ ದಾರಿ ಹಾಕಿದರು. ಇಂದಿನ ಯಂತ್ರವೂ ಅದೇ ದಾರಿಯದು.

ಅದರೊಳಗೆ ಏನಿದೆಯೆಂದರೆ: ಮಕ್ಕಳು ಆಡುವ ಏರಿಳಿತದ ಹಲಗೆಯನ್ನು ನೆನೆದುಕೊಳ್ಳಿ. ಹಲಗೆಯ ಎರಡು ತುದಿಗೂ ಒಂದೊಂದು ಪುಟ್ಟ ಬಟ್ಟಲು. ಆಲಿಕೆಯಿಂದ ಇಳಿದ ನೀರು ಮೇಲಿರುವ ಬಟ್ಟಲಿಗೆ ಬೀಳುತ್ತದೆ. ನಿಗದಿಯಾದಷ್ಟು ನೀರು ತುಂಬಿದ ಕೂಡಲೆ ಭಾರಕ್ಕೆ ಆ ಬಟ್ಟಲು ಬಾಗಿ ನೀರನ್ನು ಚೆಲ್ಲುತ್ತದೆ. ಇನ್ನೊಂದು ಬಟ್ಟಲು ಮೇಲೇರಿ ಆಲಿಕೆಯ ಕೆಳಗೆ ನಿಲ್ಲುತ್ತದೆ. ಹೀಗೆ ಮಳೆ ನಿಲ್ಲುವವರೆಗೆ ಅತ್ತ ಒಮ್ಮೆ ಇತ್ತ ಒಮ್ಮೆ. ಹಲಗೆಗೆ ಒಂದು ಅಯಸ್ಕಾಂತದ ಚೂರನ್ನು ಅಂಟಿಸಿರುತ್ತಾರೆ. ಹಲಗೆ ಬಾಗುವಾಗ ಅದು ಒಂದು ಗಾಜಿನ ನಳಿಗೆಯ ಮುಂದೆ ಹಾದುಹೋಗುತ್ತದೆ. ನಳಿಗೆಯಲ್ಲಿರುವ ಎರಡು ತೆಳು ತಗಡುಗಳು ಅಯಸ್ಕಾಂತದ ಸೆಳೆತಕ್ಕೆ ಕ್ಷಣಕಾಲ ಕೂಡಿಕೊಂಡು ವಿದ್ಯುತ್ತು ಹರಿಯುತ್ತದೆ. ಆ ಒಂದು ತುಡಿತವೇ ಒಂದು ಎಣಿಕೆ. ಆಲಿಕೆಯ ಬಾಯಿ 200 ಚದರ ಸೆಂಟಿಮೀಟರಿದ್ದು ಬಟ್ಟಲು 10 ಮಿಲಿಲೀಟರಿಗೆ ಬಾಗುವುದಾದರೆ ಪ್ರತಿ ಎಣಿಕೆಯೂ ಅರ್ಧ ಮಿಲಿಮೀಟರು ಮಳೆ. ರಾತ್ರಿ ನಲವತ್ತು ಸಲ ಬಾಗಿದರೆ 20 ಮಿಲಿಮೀಟರು. ಬಾಗದೆ ಹೋದರೆ ಸೊನ್ನೆ.

ಹೀಗೆ ಹೊರಗಿನ ಒಂದು ಸಂಗತಿಯನ್ನು ಗ್ರಹಿಸಿ ವಿದ್ಯುತ್ತಿನ ಸನ್ನೆಯಾಗಿ ಒಪ್ಪಿಸುವ ಭಾಗಕ್ಕೆ ಎಲ್ಲರೂ ಸೆನ್ಸರ್ ಎನ್ನುತ್ತಾರೆ. ಪುಸ್ತಕಗಳಲ್ಲಿ ಸಂವೇದಕ ಎಂದಿದೆ. ‘ಯಂತ್ರದ ಇಂದ್ರಿಯ’ ಎಂದರೆ ನನಗೆ ಹೆಚ್ಚು ಅರ್ಥವಾಗುತ್ತದೆ. ಇಂದ್ರಿಯಗಳಿಗೆ ಇರುವ ದೋಷಗಳೆಲ್ಲ ಅದಕ್ಕೂ ಇವೆಯಷ್ಟೆ.

ನಮ್ಮ ರಾಜ್ಯದಲ್ಲಿ ಇಂಥ ಇಂದ್ರಿಯಗಳನ್ನು ಊರೂರಿಗೂ ನೆಟ್ಟಿದ್ದಾರೆ. ಬರಗಾಲದ ಮೇಲೆ ಕಣ್ಣಿಡಲೆಂದು 1988ರಲ್ಲಿ ಹುಟ್ಟಿದ ಒಂದು ಪುಟ್ಟ ಘಟಕವೇ ಬೆಳೆದು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕ ಮಳೆಮಾಪಕಗಳನ್ನು ಈ ಕೇಂದ್ರ ಹಾಕಿಸಿದೆ. ಹೊಳಲ್ಕೆರೆಯ ಕಡೆ ಬಸ್ಸಿನಲ್ಲಿ ಹೋಗುವಾಗ ಪಂಚಾಯಿತಿ ಕಟ್ಟಡದ ಬಳಿ ಬೇಲಿಯೊಳಗೆ ಒಂದು ಕಂಬ, ಅದರ ನೆತ್ತಿಯಲ್ಲಿ ಬಿಸಿಲಿನಿಂದ ವಿದ್ಯುತ್ತು ಮಾಡುವ ಫಲಕ ಕಂಡರೆ ಅದೇ ಎಂದು ತಿಳಿಯಿರಿ. ಹದಿನೈದು ನಿಮಿಷಕ್ಕೊಮ್ಮೆ ತನ್ನ ಲೆಕ್ಕವನ್ನು ಮೊಬೈಲ್ ಫೋನಿನ ಅಲೆಗಳ ಮೂಲಕ ಬೆಂಗಳೂರಿಗೆ ಕಳುಹಿಸುವ ವ್ಯವಸ್ಥೆ ಅದರಲ್ಲಿದೆ. ಒಂದು ದೃಷ್ಟಿಯಲ್ಲಿ ಪ್ರತಿ ಪಂಚಾಯಿತಿಯಲ್ಲೂ ಒಂದು ಕಿರಿಯ ಬಾನುಲಿ ನಿಲಯ. ಕೇಳುಗರು ಮಾತ್ರ ಬೆಂಗಳೂರಿನಲ್ಲಿ.

ಇಷ್ಟು ಮುತುವರ್ಜಿ ಏಕೆ? ಬರ ಘೋಷಣೆಗೆ ಮಳೆಯ ಅಂಕಿಗಳು ಬೇಕು. ಹವಾಮಾನ ಆಧಾರಿತ ಬೆಳೆವಿಮೆಗೂ ಬೇಕು. ಹೊಸದುರ್ಗ, ಹಿರಿಯೂರುಗಳ ಕಡೆ ದಾಳಿಂಬೆ ಇಟ್ಟವರಿಗೆ ಈ ವಿಮೆಯ ಪರಿಚಯವಿದೆ. ಇದರಲ್ಲಿ ಯಾರೂ ತೋಟಕ್ಕೆ ಬಂದು ಕಾಯಿ ಎಣಿಸುವುದಿಲ್ಲ. ಗೊತ್ತು ಮಾಡಿದ ಅವಧಿಯಲ್ಲಿ ಗೊತ್ತು ಮಾಡಿದ ಮಾಪಕ ಎಷ್ಟು ಬರೆಯಿತು ಎಂಬುದರ ಮೇಲೆ ಪರಿಹಾರದ ಲೆಕ್ಕ. ಮಳೆ ಮಿತಿಗಿಂತ ಕಡಿಮೆಯಾದರೂ, ಹೆಚ್ಚಾದರೂ ಬೆಳೆ ಕೆಡಬಹುದು. ಎರಡಕ್ಕೂ ಸಾಕ್ಷಿ ಆ ಯಂತ್ರ. ಒಂದು ಎಕರೆಯ ಮುಂದೆ ಆ ಆಲಿಕೆಯ ಬಾಯಿ ಎರಡು ಲಕ್ಷದಲ್ಲಿ ಒಂದು ಪಾಲು. ಪಂಚಾಯಿತಿಯ ನೆಲವೆಲ್ಲ ಸೇರಿ ಎಷ್ಟು ಎಕರೆಯೋ, ಅಷ್ಟಕ್ಕೂ ಸಾಕ್ಷಿ ಹೇಳುವ ಬಾಯಿ ಅದು.

ಸಾಕ್ಷಿ ಸರಿಯಾಗಿರಬೇಕಾದರೆ ಮೊದಲು ಯಂತ್ರಗಳೆಲ್ಲ ಒಂದೇ ಅಚ್ಚಿನವಾಗಿರಬೇಕು. ನಮ್ಮ ದೇಶದಲ್ಲಿ ಈ ಕೆಲಸವನ್ನು ಮಾಡಿದವರಲ್ಲಿ ಅಣ್ಣಾ ಮಣಿ ಎಂಬ ಮಹಿಳೆಯ ಹೆಸರು ದೊಡ್ಡದು. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಆಕೆ ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿದರು. ಮುಂದೆ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ವಜ್ರದಿಂದ ಮಳೆಮಾಪಕಕ್ಕೆ ಇಳಿದದ್ದೆಂದು ಯಾರಾದರೂ ಎಂದುಕೊಂಡರೆ ಅದು ತಪ್ಪು. ಅದುವರೆಗೆ ಸಾಮಾನ್ಯ ಉಪಕರಣಗಳೂ ಹಡಗಿನಲ್ಲಿ ಬರಬೇಕಾಗಿತ್ತು. ಆಕೆ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಪ್ರಮಾಣಕ್ಕೆ ತಂದು ಇಲ್ಲಿಯೇ ತಯಾರಾಗುವಂತೆ ಮಾಡಿದರು. 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲವನ್ನು ದೇಶದಲ್ಲಿ ಸ್ಥಾಪಿಸಿದರು. 1976ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿಗೆ ಮರಳಿ, ಗಾಳಿಯ ವೇಗವನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯನ್ನು ಆರಂಭಿಸಿದರು. ಎಲ್ಲೆಲ್ಲಿ ಗಾಳಿಯಿಂದ ವಿದ್ಯುತ್ತು ತೆಗೆಯಬಹುದೆಂದು ದೇಶದಲ್ಲಿ ಅಳೆದು ನೋಡುವ ಕಾರ್ಯಕ್ಕೆ ಮುಂದಾದರು. ಇಂದು ಚಿತ್ರದುರ್ಗದ ಸುತ್ತಣ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡಾಗಲೆಲ್ಲ ನನಗೆ ಆಕೆಯ ನೆನಪು ಬರುತ್ತದೆ. ಅಷ್ಟು ದೊಡ್ಡ ರೆಕ್ಕೆಗಳನ್ನು ಎತ್ತುವ ಮೊದಲು ಯಾರೋ ಪುಟ್ಟ ಬಟ್ಟಲುಗಳ ಮಾಪಕವನ್ನು ಕಂಬದ ಮೇಲಿಟ್ಟು ಗಾಳಿಯನ್ನು ಎಣಿಸಿರಲೇಬೇಕಲ್ಲವೆ? ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂಬುದು ಆಕೆಯ ದೃಢವಾದ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯದ ತೂಕ ನನಗೆ ತಿಳಿದದ್ದು ನಾನೇ ತಪ್ಪು ಮಾಡಿದ ಮೇಲೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಮಕ್ಕಳಿಂದ ಮಳೆಮಾಪಕ ಕಟ್ಟಿಸಲು ಆರಂಭಿಸಿ, ಅರ್ಧದಲ್ಲಿ ವರ್ಗವಾಗಿ ಹೋದರು. ಆರೇಳು ಮಕ್ಕಳು ಅರೆಬರೆ ಸಾಮಾನುಗಳನ್ನು ಹಿಡಿದು ನನ್ನ ಮುಂದೆ ನಿಂತರು. ಬರುವುದಿಲ್ಲವೆನ್ನಲು ನಾಚಿಕೆಯಾಗಿ ಒಪ್ಪಿಕೊಂಡೆ. ಎಣಿಕೆಯ ವಿದ್ಯುತ್ ಫಲಕ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಅಂಗೈಯಗಲದ ಅದನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ವಾರದಲ್ಲಿ ಪಳಗಿಸಿದಳು. ಕಷ್ಟವಾದದ್ದು ಆಲಿಕೆ! 200 ಚದರ ಸೆಂಟಿಮೀಟರಿನ ಬಾಯಿಗೆ ಅಗಲ ಸುಮಾರು 16 ಸೆಂಟಿಮೀಟರು ಬೇಕು. ಅರ್ಧ ಸೆಂಟಿಮೀಟರು ಹೆಚ್ಚಾದರೆ ಮಳೆ ನೂರಕ್ಕೆ ಆರರಷ್ಟು ಹೆಚ್ಚಾಗಿಬಿಡುತ್ತದೆ. ತಗಡಿನ ಕೆಲಸದವರ ಅಂಗಡಿಗೆ ನಾಲ್ಕು ಸಲ ನಡೆದೆವು. ‘ಮಳೆ ನೀರು ಹಿಡಿಯೋಕೆ ಇಷ್ಟು ನಾಜೂಕು ಬೇಕೇ ಮೇಷ್ಟ್ರೇ?’ ಎಂದು ಆ ಹಿರಿಯರು ನಕ್ಕರು. ನಕ್ಕರೂ ಅಂಚನ್ನು ಗುಂಡಗೆ ತಿದ್ದಿಕೊಟ್ಟರು.

ಬಳಿಕ ಪರೀಕ್ಷೆ. 200 ಮಿಲಿಲೀಟರು ನೀರನ್ನು ಹನಿಹನಿಯಾಗಿ ಬಿಟ್ಟರೆ ಬಟ್ಟಲು ಇಪ್ಪತ್ತು ಸಲ ಬಾಗಬೇಕು. ಮೊದಲ ದಿನ ಇಪ್ಪತ್ಮೂರು ಬಂತು. ಬಟ್ಟಲುಗಳ ಕೆಳಗಿನ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಇಪ್ಪತ್ತಕ್ಕೆ ತಂದೆವು. ಅದೇ ನೀರನ್ನು ಒಮ್ಮೆಲೇ ಸುರಿದರೆ ಹದಿನೆಂಟೇ! ಏಕೆಂದರೆ ಬಟ್ಟಲು ಬಾಗುತ್ತಿರುವ ಆ ಅರೆಕ್ಷಣದಲ್ಲೂ ನೀರು ಬೀಳುತ್ತಲೇ ಇರುತ್ತದೆ. ಅದು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಬಿರುಮಳೆಯಲ್ಲಿ ಇಂಥ ಮಾಪಕ ಯಾವಾಗಲೂ ಸ್ವಲ್ಪ ಕಡಿಮೆಯೇ ಹೇಳುತ್ತದೆ. ಬಲ್ಲವರು ಮಳೆಯ ಬಿರುಸಿಗೆ ತಕ್ಕಂತೆ ಅಂಕಿಯನ್ನು ತಿದ್ದಿಕೊಳ್ಳುತ್ತಾರೆ.

ಒಂದನ್ನು ಅಳೆಯಲು ಹೊರಟವನು ಇನ್ನೊಂದನ್ನೂ ಅಳೆಯಬೇಕಾಗುತ್ತದೆಂಬುದು ಈ ವಿದ್ಯೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. 130 ಅಡಿಯ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನೀರು ಏರುತ್ತಿದ್ದಾಗ ಜಿಲ್ಲೆಯವರೆಲ್ಲ ಬೆಳಗೆದ್ದು ಅಡಿ ಅಂಗುಲಗಳನ್ನೇ ಕೇಳುತ್ತಿದ್ದೆವು. ಇಂಥ ನೀರಿನ ಮಟ್ಟವನ್ನು ಕಲ್ಲಿನ ಮೇಲೆ ಬರೆದ ಗೆರೆಗಳಿಂದ ಓದಬಹುದು. ಮೇಲಿನಿಂದ ಶಬ್ದದ ತುಡಿತವನ್ನು ಬಿಟ್ಟು ಅದು ನೀರಿಗೆ ತಾಗಿ ಮರಳುವ ವೇಳೆಯಿಂದಲೂ ಅಳೆಯಬಹುದು. ಆದರೆ ಶಬ್ದ ಬಿಸಿಗಾಳಿಯಲ್ಲಿ ಬೇಗ ಓಡುತ್ತದೆ, ತಂಪಿನಲ್ಲಿ ನಿಧಾನ. ನಸುಕಿಗೂ ನಡುಮಧ್ಯಾಹ್ನಕ್ಕೂ ಇಪ್ಪತ್ತು ಡಿಗ್ರಿ ವ್ಯತ್ಯಾಸವಾದರೆ ಹತ್ತು ಮೀಟರು ದೂರದ ಅಳತೆಯಲ್ಲಿ ಒಂದು ಅಡಿಗಿಂತ ಹೆಚ್ಚು ತಪ್ಪು ಬರುತ್ತದೆ. ನೀರು ಕದಲದೆ ಇದ್ದರೂ ಯಂತ್ರ ಅದನ್ನು ಹಗಲು ಏರಿಸಿ ಇರುಳು ಇಳಿಸುತ್ತದೆ. ಆದ್ದರಿಂದ ನೀರಿನ ಮಾಪಕದೊಳಗೆ ಒಂದು ಉಷ್ಣಮಾಪಕವೂ ಇರಲೇಬೇಕು.

ಇರಲಿ, ನಮ್ಮ ಮಳೆಗೆ ಬರೋಣ. ಚಂದ್ರವಳ್ಳಿಯ ದಾರಿಯಲ್ಲಿ ವಿದ್ಯಾರ್ಥಿಯೊಬ್ಬನ ಮನೆಯವರ ಹೊಲವಿತ್ತು. ಮರಗಳಿಂದಲೂ ಬಂಡೆಯಿಂದಲೂ ಅವುಗಳ ಎತ್ತರದ ಎರಡರಷ್ಟು ದೂರ ನೋಡಿ ಮಾಪಕವನ್ನು ನೆಟ್ಟೆವು. ಕೋಟೆಯ ಕೋತಿಗಳು ಮೊದಲ ವಾರದಲ್ಲಿಯೇ ತಂತಿಯನ್ನು ಕಿತ್ತವು. ತಂತಿಯನ್ನು ಕೊಳವೆಯೊಳಗೆ ಹಾಯಿಸಿದೆವು. ಇರುವೆಗಳು ಎಣಿಕೆಯ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದವು. ಬೆಸುಗೆಯ ಸಂದುಗಳನ್ನು ಮೇಣದಿಂದ ಮುಚ್ಚಿದೆವು. ಪ್ರಯೋಗಶಾಲೆಯ ಮೇಜಿನ ಮೇಲೆ ಚೆನ್ನಾಗಿ ನಡೆಯುವ ಯಂತ್ರಕ್ಕೂ ಹೊಲದಲ್ಲಿ ನಡೆಯುವ ಯಂತ್ರಕ್ಕೂ ಇರುವ ಅಂತರ, ಪುಸ್ತಕದ ಈಜಿಗೂ ಬಾವಿಯ ಈಜಿಗೂ ಇರುವಷ್ಟೇ ಎನ್ನಬೇಕು. ಅಂತೂ ಆ ವರ್ಷದ ಹುಬ್ಬೆ, ಉತ್ತರೆ ಮಳೆಗಳನ್ನು ಮಕ್ಕಳು ದಿನ ತಪ್ಪದೆ ಬರೆದರು. ಪುಸ್ತಕದಲ್ಲಿ ಸೊನ್ನೆಗಳೇ ಹೆಚ್ಚು. ಆ ಸೊನ್ನೆಗಳನ್ನು ಯಾರೂ ಅನುಮಾನಿಸಲಿಲ್ಲ. ನಮ್ಮ ಸೀಮೆಯ ಸೊನ್ನೆ ನಮಗೆ ಹೊಸದೆ?

ಚಿತ್ತೆ ಮಳೆಯ ಕಾಲಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಗುಡ್ಡದ ಆಚೆ ಅವನದು ದಾಳಿಂಬೆ ತೋಟ. ನಾಲ್ಕು ದಿನದ ಹಿಂದಿನ ರಾತ್ರಿ ಸುರಿದ ಮಳೆಗೆ ಹೂವೆಲ್ಲ ಉದುರಿತ್ತು. ಅಂಗಮಾರಿ ರೋಗವೂ ಹತ್ತುವ ಭಯ. ವಿಮೆಯ ಲೆಕ್ಕ ಇನ್ನೂ ಹೊರಗೆ ಬಂದಿರಲಿಲ್ಲ. ಹತ್ತಿರದ ಅಳತೆಯೊಂದು ತನ್ನ ಕೈಯಲ್ಲೂ ಇರಲಿ ಎಂಬುದು ಅವನ ಆಸೆ. ‘ಮೇಷ್ಟ್ರೇ, ನಿಮ್ಮ ಹುಡುಗರ ಪುಸ್ತಕದಲ್ಲಿ ಆವತ್ತು ಎಷ್ಟು ಬಿದ್ದಿದೆ ನೋಡ್ರಿ’ ಎಂದ. ನಾನು ಹೆಮ್ಮೆಯಿಂದಲೇ ಪುಸ್ತಕ ತೆರೆದೆ.

ಸೊನ್ನೆ.

ಅವನು ಏನೂ ಹೇಳಲಿಲ್ಲ. ಆ ರಾತ್ರಿ ನಮ್ಮ ಮನೆಯ ಹಿತ್ತಿಲಲ್ಲೂ ನೀರು ನಿಂತಿತ್ತು. ನಾನೇ ಎದ್ದು ಕಿಟಕಿ ಹಾಕಿದ್ದೆ. ಆದರೂ ಬೆಳಗ್ಗೆ ಮಕ್ಕಳು ತಂದ ಸೊನ್ನೆಗೆ, ಗುಡ್ಡ ಅಡ್ಡ ಇದೆಯಲ್ಲ, ಅತ್ತ ಬಿದ್ದಿರಲಾರದು ಎಂದು ನಾನೇ ಸಮಾಧಾನ ಹೇಳಿ ರುಜು ಹಾಕಿದ್ದೆ. ಕಣ್ಣಾರೆ ಕಂಡ ಮಳೆಗಿಂತ ಯಂತ್ರದ ಮಾತೇ ದೊಡ್ಡದೆನಿಸಿತ್ತು. ಸೊನ್ನೆಯ ಮುಂದಿನ ಎರಡು ದಿನ, ಚುರುಗುಟ್ಟುವ ಬಿಸಿಲಿನಲ್ಲಿ, ಪುಸ್ತಕದ ಪ್ರಕಾರ ಸಣ್ಣ ಮಳೆ! ಗಂಟೆಗೊಮ್ಮೆ ಅರ್ಧ ಮಿಲಿಮೀಟರು, ಗಡಿಯಾರ ಇಟ್ಟು ಹಿಡಿದ ಹಾಗೆ.

ಅವನನ್ನೂ ಕರೆದುಕೊಂಡು ಹೊಲಕ್ಕೆ ಹೋದೆ. ಆಲಿಕೆಯ ಕೊರಳಲ್ಲಿ ಒಂದು ಕಣಜ ಮಣ್ಣಿನ ಗೂಡು ಕಟ್ಟಿತ್ತು. ಮೇಲೆ ನಾಲ್ಕು ಬೇವಿನೆಲೆ. ಆಲಿಕೆಯಲ್ಲಿ ಇನ್ನೂ ನೀರಿತ್ತು. ಆ ರಾತ್ರಿ ಆಲಿಕೆ ತುಂಬಿ, ಮಿಕ್ಕದ್ದು ಅಂಚಿನಿಂದ ಹೊರಚೆಲ್ಲಿ, ಉಳಿದ ನೀರು ಮಣ್ಣಿನ ಸಂದಿನಿಂದ ಎರಡು ದಿನ ಜಿನುಗಿತ್ತು. ಎಷ್ಟು ಮಳೆ ಬಿದ್ದಿತ್ತೆಂಬುದನ್ನು ತಿಳಿಯುವ ದಾರಿ ಉಳಿದಿರಲಿಲ್ಲ.

ನನ್ನ ಗುರುಗಳು ಪಂಡಿತ ಪರೀಕ್ಷೆಗೆ ಓದಿಸುವಾಗ ಅನುಪಲಬ್ಧಿ ಎಂಬ ಪ್ರಮಾಣವನ್ನು ವಿವರಿಸಿದ್ದು ಆಗ ನೆನಪಾಯಿತು. ಕುಮಾರಿಲ ಭಟ್ಟರ ಮೀಮಾಂಸಕರು ಅದನ್ನು ಒಪ್ಪುತ್ತಾರೆ. ನೆಲದ ಮೇಲೆ ಕೊಡ ಕಾಣಲಿಲ್ಲ, ಆದ್ದರಿಂದ ಕೊಡ ಇಲ್ಲ. ಕಾಣದಿರುವುದೇ ಇಲ್ಲದಿರುವುದಕ್ಕೆ ಪ್ರಮಾಣ. ಆದರೆ ಅದಕ್ಕೊಂದು ಕಟ್ಟುಪಾಡಿದೆ: ಕೊಡ ಇದ್ದಿದ್ದರೆ ಕಾಣುವಂತಿರಬೇಕು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣಲಿಲ್ಲವೆಂದು ಇಲ್ಲವೆನ್ನಲಾಗದು. ಈ ಕಟ್ಟುಪಾಡು ಇರುವುದರಿಂದಲೇ ಅದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಮೂವತ್ತು ವರ್ಷ ಆ ಮಾತನ್ನು ಬಾಯಿಪಾಠವಾಗಿ ಇಟ್ಟುಕೊಂಡವನು ನಾನು. ಅದರ ಅರ್ಥ ಒಂದು ಕಣಜದಿಂದ ತಿಳಿಯಿತು. ‘ಮಳೆ ಇಲ್ಲ’ ಎಂಬ ಮಾತಿಗೂ ‘ನಾನರಿಯೆ’ ಎಂಬ ಮಾತಿಗೂ ನಮ್ಮ ಯಂತ್ರ ಒಂದೇ ಗುರುತು ಹಾಕುತ್ತಿತ್ತು: ಸೊನ್ನೆ. ಮಲೆನಾಡಿನಲ್ಲಿ ಆಷಾಢದ ನಡುವೆ ಸೊನ್ನೆ ಬಂದರೆ ಎಲ್ಲರೂ ಹುಬ್ಬೇರಿಸುತ್ತಾರೆ. ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಬರದ ಸೀಮೆಯ ಮಾಪಕ ಕೆಟ್ಟರೆ ತಿಳಿಯುವುದೇ ಇಲ್ಲ ಎಂಬುದು ಇದರಿಂದ.

ಈ ಎರಡು ಸೊನ್ನೆಗಳನ್ನು ಬೇರೆ ಮಾಡುವುದು ಹೇಗೆ? ಯಂತ್ರ ಕಟ್ಟುವವರು ಬಹಳ ಉಪಾಯಗಳನ್ನು ಮಾಡಿದ್ದಾರೆ. ಮಳೆ ಬರಲಿ ಬಿಡಲಿ, ‘ಇದ್ದೇನೆ’ ಎಂದು ಗೊತ್ತಾದ ವೇಳೆಗೆ ಒಂದು ಸನ್ನೆ ಕಳುಹಿಸುತ್ತಿರಬೇಕು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆಯೆಂಬುದನ್ನೂ ಅದರ ಜೊತೆಗೆ ಹೇಳಬೇಕು. ಸನ್ನೆ ನಿಂತರೆ ಯಂತ್ರ ಸತ್ತಿದೆಯೆಂದು ಗೊತ್ತಾಗುತ್ತದೆ. ಆದರೆ ಕೊರಳು ಕಟ್ಟಿದ ಯಂತ್ರವೂ ‘ಇದ್ದೇನೆ’ ಎನ್ನುತ್ತಲೇ ಇರುತ್ತದೆ, ನಮ್ಮದರ ಹಾಗೆ. ಅದಕ್ಕೆ ಬೇರೆ ಸಾಕ್ಷಿಗಳು ಬೇಕು. ಮಳೆ ಬಿದ್ದಾಗ ಗಾಳಿಯ ಬಿಸಿ ತಟ್ಟನೆ ಇಳಿಯುತ್ತದೆ, ತೇವ ಏರುತ್ತದೆ. ಹತ್ತಿರದಲ್ಲೇ ಈ ಎರಡನ್ನೂ ಅಳೆಯುವ ಸಂವೇದಕವಿದ್ದರೆ, ಅವು ಮಳೆಯೆನ್ನುವಾಗ ಆಲಿಕೆ ಸೊನ್ನೆಯೆಂದರೆ ಅನುಮಾನಿಸಬಹುದು. ಅಕ್ಕಪಕ್ಕದ ಮಾಪಕಗಳನ್ನು ಕೇಳಬಹುದು. ಆದರೆ ನಮ್ಮ ಕಡೆಯ ಮಳೆ ಎತ್ತಿನ ಒಂದು ಕೊಂಬು ನೆನೆಸಿ ಒಂದನ್ನು ಬಿಡುವಂಥದು, ಆ ಸಾಕ್ಷಿಯನ್ನು ಎಚ್ಚರದಿಂದ ಕೇಳಬೇಕು. ಮಳೆಯ ನಡೆಯನ್ನೂ ನೋಡಬಹುದು. ನಿಜವಾದ ಮಳೆ ಒಮ್ಮೆ ಬಿರುಸು, ಒಮ್ಮೆ ಜಿನುಗು; ಕಟ್ಟಿದ ಆಲಿಕೆಯ ಮಳೆ ಕೆಟ್ಟ ನಲ್ಲಿಯ ಹನಿಯಂತೆ ಒಂದೇ ಸಮ. ನಾವು ಎರಡು ದಿನ ಮುಂಚೆ ಅದನ್ನು ಕಂಡಿದ್ದರೆ ಸಾಕಿತ್ತು.

ಎಲ್ಲಕ್ಕಿಂತ ಅಗ್ಗದ ಉಪಾಯಗಳು ಎರಡು. ಒಂದು, ಬಟ್ಟಲುಗಳು ಚೆಲ್ಲಿದ ನೀರನ್ನು ಕೆಳಗೊಂದು ಡಬ್ಬಿಯಲ್ಲಿ ಹಿಡಿದು ವಾರಕ್ಕೊಮ್ಮೆ ಅಳೆದು ಎಣಿಕೆಯೊಡನೆ ತಾಳೆ ನೋಡುವುದು. ಪಕ್ಕದಲ್ಲೇ ಬಟ್ಟಲಿಲ್ಲದ ಸಾದಾ ಮಾಪಕ ಒಂದನ್ನು ಇಡುವುದು. ಇನ್ನೊಂದು, ಗೊತ್ತಿರುವಷ್ಟು ನೀರನ್ನು ನಾವೇ ಸುರಿಯುವುದು. ಒಣದಿನದಲ್ಲಿ ಹೋಗಿ 200 ಮಿಲಿಲೀಟರು ಹನಿಸಿದಾಗ ಇಪ್ಪತ್ತು ಎಣಿಕೆ ಬಂದರೆ ಅಲ್ಲಿಯವರೆಗಿನ ಸೊನ್ನೆಗಳಿಗೆ ಬೆಲೆಯಿದೆ. ಬರದಿದ್ದರೆ, ಹಿಂದಿನ ಸಲ ನೀರು ಸುರಿದ ದಿನದಿಂದ ಇಂದಿನವರೆಗಿನ ಸೊನ್ನೆಗಳಷ್ಟನ್ನೂ ಅನುಮಾನಿಸಬೇಕು. ಎಷ್ಟು ದಿನಕ್ಕೊಮ್ಮೆ ಸುರಿಯುತ್ತೀರೋ ಅಷ್ಟು ದಿನದ ಮಾತು ಪಣದಲ್ಲಿರುತ್ತದೆ.

ಲೆಕ್ಕದ ಪುಸ್ತಕದಲ್ಲೂ ಒಂದು ಶಿಸ್ತು ಬೇಕು. ಅಳೆದು ಸೊನ್ನೆ ಬಂದ ದಿನ ಸೊನ್ನೆ. ಅಳೆಯಲಾಗದ ದಿನ ಒಂದು ಅಡ್ಡಗೆರೆ. ತಿಂಗಳ ಕೊನೆಯಲ್ಲಿ ಕೂಡುವಾಗ ಗೆರೆಯನ್ನು ಸೊನ್ನೆಯೆಂದು ಕೂಡಿಬಿಡುವುದು ಗುಮಾಸ್ತರಿಂದ ಹಿಡಿದು ಗಣಕಯಂತ್ರದವರೆಗೆ ಎಲ್ಲರೂ ಮಾಡುವ ತಪ್ಪು. ಗೆರೆಯಿರುವ ತಿಂಗಳಿನ ಮೊತ್ತದ ಪಕ್ಕದಲ್ಲಿ ‘ಇಷ್ಟು ದಿನ ತಿಳಿಯದು’ ಎಂದು ಬರೆಯಲೇಬೇಕು. ನೋಡಲು ಅಂದವಲ್ಲ, ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಅಂಥ ಪುಟವನ್ನು ಇಡುವುದು ಬೇಡವೆಂದವರೂ ಇದ್ದರು. ಮಕ್ಕಳು ಅದನ್ನೇ ಇಟ್ಟರು.

ಆಲಿಕೆಗೆ ಈಗ ಜಾಲರಿಯಿದೆ. ಜಾಲರಿಯ ಮೇಲೂ ಎಲೆ ಕೂರುತ್ತದೆ, ಮೈನಾಹಕ್ಕಿ ಹೊಲಸು ಮಾಡುತ್ತದೆ. ಆದ್ದರಿಂದ ಸೋಮವಾರ ಸೋಮವಾರ ಇಬ್ಬರು ಮಕ್ಕಳು ಅಳತೆಯ ಸೀಸೆಯಲ್ಲಿ ನೀರು ಹಿಡಿದು ಚಂದ್ರವಳ್ಳಿಯ ದಾರಿ ಹಿಡಿಯುತ್ತಾರೆ. ‘ಮಳೆಗೆ ಮಳೆ ಹೊಯ್ಯೋಕೆ ಹೊರಟರು’ ಎಂದು ದಾರಿಯವರು ಹಾಸ್ಯ ಮಾಡುತ್ತಾರೆ. ಹೋದ ವರ್ಷ ಹಸ್ತದ ಮಳೆಯ ನಡುವೆ ಮೂರು ದಿನ ಸೊನ್ನೆ ಬಂದಾಗ ಆ ದಾಳಿಂಬೆಯ ಶಿಷ್ಯನೇ ಫೋನು ಮಾಡಿ, ಸೊನ್ನೆ ನಿಜವೋ ಎಂದು ಕೇಳಿದ. ಹಿಂದಿನ ದಿನವಷ್ಟೇ ಇಪ್ಪತ್ತಕ್ಕೆ ಇಪ್ಪತ್ತು ಬಂದಿತ್ತು. ನಿಜ ಎಂದೆ. ಹಾಗಾದರೆ ಸಂಜೆಯೇ ನೀರು ಕಟ್ಟುತ್ತೇನೆ ಎಂದು ಫೋನು ಇಟ್ಟ.

ಆ ಹಳೆಯ ಚಿತ್ತೆಯ ರಾತ್ರಿಯ ಸೊನ್ನೆಯನ್ನು ನಾವು ಕೆರೆದು ಅಳಿಸಲಿಲ್ಲ. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಆಲಿಕೆ ಕಟ್ಟಿತ್ತು, ಮಳೆ ಬಂದದ್ದು ನಿಜ, ಎಷ್ಟೆಂದು ತಿಳಿಯದು’ ಎಂದು ಬರೆದು, ನನ್ನ ಹಳೆಯ ರುಜುವಿನ ಕೆಳಗೆ ಮತ್ತೊಂದು ರುಜು ಹಾಕಿದ್ದೇನೆ.